ಡಾಲರಿನ ಬೆಲೆ ಮತ್ತು ಅತ್ತಿಗೆಯ ನಿದ್ದೆ

ನನ್ನ ಗಂಡ ಅರ್ಥಶಾಸ್ತ್ರದ ಮೇಷ್ಟ್ರು. ಸಮ್ಮೇಳನಕ್ಕೆಂದು ಹೊರದೇಶಕ್ಕೆ ಹೋದ ಬೇರೆ ಗಂಡಂದಿರು ಚಾಕೊಲೇಟು ತರುತ್ತಾರೆ. ಇವರು ಹೊಸದಾಗಿ ಕ್ಷೌರವಾದ ತಲೆ ತರುತ್ತಾರೆ. ಕ್ಷೌರವನ್ನು ಹಡಗಿಗೆ ತುಂಬಿ ಸಾಗಿಸಲು ಬರುವುದಿಲ್ಲ, ಆದ್ದರಿಂದ ಒಂದೇ ಕ್ಷೌರಕ್ಕೆ ಅಲ್ಲೆಷ್ಟು ಇಲ್ಲೆಷ್ಟು ಎಂದು ನೋಡಿದರೆ ಹಣದ ನಿಜವಾದ ಯೋಗ್ಯತೆ ತಿಳಿಯುತ್ತದೆ ಎಂಬುದು ಇವರ ವಾದ. ಅಲ್ಲಿ ಒಂದು ತಲೆಗೆ ಕೊಡುವ ಡಾಲರನ್ನು ಇಲ್ಲಿಗೆ ತಂದು ಬದಲಿಸಿದರೆ ನಮ್ಮ ಬೀದಿಯ ಅರ್ಧ ತಲೆಗಳಿಗೆ ಸಾಕು. ಅಂದರೆ ಡಾಲರ್ ಅತಿಯಾಗಿ ಏರಿ ಕೂತಿದೆ, ಇಳಿಯಲೇಬೇಕು. ಮದುವೆಯಾದಾಗಿನಿಂದ ಇದನ್ನೇ ಕೇಳುತ್ತಿದ್ದೇನೆ. ಡಾಲರ್ ಮಾತ್ರ ಇವರ ಮಾತಿಗೆ ಕ್ಯಾರೇ ಅನ್ನದೆ ಏರುತ್ತಲೇ ಹೋಯಿತು. ಕಾಲೇಜಿನಲ್ಲಿ ಇವರಿಗೆ ‘ಇಳಿಯುತ್ತೆ ಮೇಷ್ಟ್ರು’ ಎಂದೇ ಹೆಸರು. ಕೋಪ ಬಂದಾಗ ನಾನೂ ಹಾಗೇ ಕರೆಯುತ್ತೇನೆ.

ಇವರ ಅಕ್ಕ, ನನ್ನ ಅತ್ತಿಗೆ, ಹೊರದೇಶದ ಸಲೂನಿನಲ್ಲಿ ವರ್ಷಗಟ್ಟಲೆ ನಿಂತು ಕೂದಲು ಕತ್ತರಿಸಿದವರು. ಗಂಡ ಕೈಬಿಟ್ಟ ಮೇಲೆ ವಾಪಸ್ಸು ಬಂದು ಇಲ್ಲೊಂದು ಸಲೂನಿಗೆ ಸಂಬಳಕ್ಕೆ ಸೇರಿದರು. ಉಳಿಸಿದ್ದೆಲ್ಲ ಡಾಲರಾಗಿಯೇ ಬ್ಯಾಂಕಿನಲ್ಲಿತ್ತು. ಇಳಿಯುವ ಮೊದಲು ಮಾರಿಬಿಡು ಎಂದು ತಮ್ಮ ಎಷ್ಟು ಬಡಿದುಕೊಂಡರೂ ಅದನ್ನು ಮುಟ್ಟಿರಲಿಲ್ಲ. ಈಗ ಸಲೂನಿನ ಯಜಮಾನಿಗೆ ವಯಸ್ಸಾಗಿತ್ತು. ನೀನು ಕೊಂಡರೆ ನಿನಗೆ, ಇಲ್ಲವಾದರೆ ಶುಕ್ರವಾರ ಪಕ್ಕದ ಔಷಧಿ ಅಂಗಡಿಯವನಿಗೆ ಎಂದು ಆಕೆ ಹೇಳಿಬಿಟ್ಟಿದ್ದರು.

ಗುರುವಾರ ಅತ್ತಿಗೆ ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು, ಕತ್ತರಿ ಕೈಗೆತ್ತಿಕೊಂಡರು.

“ಈಗ ಹೇಳು. ಡಾಲರ್ ಮಾರ್ಲಾ, ಬೇಡ್ವಾ?”

ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ನಾನು ನಗು ತಡೆದುಕೊಂಡೆ. ಪಾಠದಲ್ಲಿ ಡಾಲರ್ ಇಳಿಸುವುದು ಬೇರೆ, ಅಕ್ಕನ ಕತ್ತರಿಯ ಕೆಳಗೆ ಕೂತು ಇಳಿಸುವುದು ಬೇರೆ.

“ಕ್ಷೌರದ ಲೆಕ್ಕದಲ್ಲಿ ಬೆಲೆ ಜಾಸ್ತಿನೇ ಇದೆ,” ಎಂದರು ಇವರು. “ಆದ್ರೆ ಆ ಲೆಕ್ಕ ಪೂರ್ತಿ ನಂಬೋ ಹಾಗಿಲ್ಲಕ್ಕ. ಸಂಬಳ ಕಮ್ಮಿ ಇರೋ ಕಡೆ ಕ್ಷೌರ ಯಾವಾಗ್ಲೂ ಅಗ್ಗ.”

“ಮತ್ತೆ ಈ ಕುರ್ಚಿ? ಇದು ಹಡಗಲ್ಲೇ ಬಂದಿದ್ದು. ಅಲ್ಲೂ ಹೆಚ್ಚುಕಮ್ಮಿ ಇದೇ ರೇಟು.”

“ಕುರ್ಚಿ ಲೆಕ್ಕದಲ್ಲಿ ಅಷ್ಟೇನೂ ಜಾಸ್ತಿ ಇಲ್ಲ.”

“ಹಾಗಾದ್ರೆ ಇಳಿಯುತ್ತೋ ಇಲ್ವೋ, ಒಂದು ಹೇಳೋ ಮಾರಾಯ!”

ಇವರು ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದರು. “ಎಲ್ಲ ಸೇರಿಸಿ ನೋಡಿದ್ರೆ ಸ್ವಲ್ಪ ಅತಿಯಾಗಿದೆ ಅಂತ್ಲೇ ಅನ್ಸುತ್ತೆ. ಯಾವಾಗ ಇಳಿಯುತ್ತೆ ಅಂತ ಮಾತ್ರ ನಂಗೆ ಗೊತ್ತಿಲ್ಲ.”

ಈ ಮನುಷ್ಯನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ನಗು ಎಲ್ಲಿ ಹೋಯಿತೋ, ಪಾಪ ಅನ್ನಿಸಿತು.

ಅತ್ತಿಗೆಯ ಕೈ ನಿಂತಿತು. “ಅದು ಬ್ಯಾಂಕಲ್ಲಿದೆ ಅಂದ್ರೆ ನಂಗೆ ನಿದ್ದೆ ಬರುತ್ತೆ ಕಣೋ. ಯಾರು ಕೈಬಿಟ್ರೂ ಅದೊಂದು ಬಿಡಲ್ಲ ಅಂತ.”

“ದೊಡ್ಡ ದೊಡ್ಡ ದೇಶಗಳೂ ಅದಕ್ಕೇ ಇಟ್ಕೊಳ್ಳೋದು. ಆ ಬೆಲೆಯಲ್ಲಿ ಒಂದು ಪಾಲು ನಿದ್ದೆಯದ್ದು. ಅದು ದುಬಾರಿನಾ ಅಂತ ಕೊಳ್ಳೋರೇ ಹೇಳ್ಬೇಕು.” ಇವರ ದನಿ ಮೆತ್ತಗಾಯಿತು. “ನೀನು ಆ ನಿದ್ದೆಗೆ ಬೆಲೆಯಾಗಿ ಈ ಅಂಗಡೀನೇ ಕೊಡ್ತಿದೀಯ ಅಕ್ಕ.”

ಅತ್ತಿಗೆ ಕುರ್ಚಿಯ ಬೆನ್ನು ಸವರಿದರು. ಅವರ ಕಣ್ಣು ತುಂಬಿದ್ದು ಕನ್ನಡಿಯಲ್ಲಿ ಕಂಡಿತು. ನನಗೆ ತಡೆಯಲಾಗಲಿಲ್ಲ. ಕೈಬಿಟ್ಟವನ ಮೇಲೆ, ಡಾಲರಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂದು ಎದ್ದು ನಿಂತೆ.

“ಅಂಗಡಿ ಮುಳುಗಿದ್ರೆ ನಿಮ್ಗೆ ನಮ್ಮನೆ ಮುಂದಿನ ರೂಮಿದೆ. ಇವರ ಪುಸ್ತಕ ಎಲ್ಲ ಅಟ್ಟಕ್ಕೆ ಹಾಕ್ತೀನಿ. ತಗೊಳ್ಳಿ ಅತ್ತಿಗೆ.” ಪರ್ಸಿನಿಂದ ಮನೆಯ ಬೀಗದ ಕೈ ತೆಗೆದು ಬಾಚಣಿಗೆಗಳ ನಡುವೆ ಇಟ್ಟೆ. ಪುಸ್ತಕದ ವಿಷಯಕ್ಕೂ ಇವರು ಆಗಲಿ ಎಂದು ತಲೆಯಾಡಿಸಿದರು.

ಶುಕ್ರವಾರ ಅತ್ತಿಗೆ ಡಾಲರ್ ಮಾರಿ ಸಲೂನು ಕೊಂಡರು.

ಮುಂದಿನ ತಿಂಗಳು ಡಾಲರ್ ಮತ್ತೆ ಏರಿತು. ತಾವೇ ಕಳ್ಳತನ ಮಾಡಿದವರ ಹಾಗೆ ಇವರು ಅಕ್ಕನಿಗೆ ಮುಖ ತೋರಿಸದೆ ಓಡಾಡಿದರು. ಕೂದಲು ಕಿವಿ ಮುಚ್ಚಿದಾಗ ನಾನೇ ದರದರ ಎಳೆದುಕೊಂಡು ಹೋದೆ.

“ಏರಿತಂತಲ್ಲೋ?” ಎಂದರು ಅತ್ತಿಗೆ, ಬಿಳಿ ಬಟ್ಟೆ ಕೊಡವುತ್ತಾ.

“ಏರ್ತಕ್ಕ,” ಎಂದು ಇವರು ತಲೆ ತಗ್ಗಿಸಿದರು.

“ತಲೆ ಎತ್ತು, ಕಿವಿ ಕತ್ತರಿಸಿಬಿಟ್ಟೇನು.”

ನಮ್ಮ ಮನೆಯ ಬೀಗದ ಕೈ ಕನ್ನಡಿಯ ಪಕ್ಕದ ಮೊಳೆಯಲ್ಲಿತ್ತು. ಅತ್ತಿಗೆ ಅದನ್ನೊಮ್ಮೆ ನೋಡಿ ಕತ್ತರಿ ಹಿಡಿದರು.

“ಮಾರಿದ ದಿನ ಕಣ್ಣು ಮುಚ್ಚಲ್ಲ ಅಂದ್ಕೊಂಡಿದ್ದೆ. ಮಾರನೇ ದಿನ ಅಂಗಡಿ ಬಾಗಿಲು ತೆಗಿಯೋಕೇ ತಡ ಆಗೋಯ್ತು ಕಣೋ, ಅಂಥ ನಿದ್ದೆ.”