ಕಂಡದ್ದು ಎಡಕ್ಕೆ, ಅನಿಸಿದ್ದು ಬಲಕ್ಕೆ

ಸಾವಿನ ಮೂರನೆಯ ದಿನದ ಜಿಯಾರತ್ ಮುಗಿದು ನೆಂಟರೆಲ್ಲ ತಮ್ಮ ತಮ್ಮ ಊರಿಗೆ ಹೋದ ಮರುದಿನ ಬೆಳಿಗ್ಗೆ ಬೆಟಗೇರಿಯ ಆ ಓಣಿಗೆ ನಳದ ನೀರು ಬಂತು. ಎಂಟು ದಿನಕ್ಕೊಮ್ಮೆ ಬರುವ ನೀರು. ಯಾರ ಮನೆಯಲ್ಲಿ ಯಾರು ಹೋದರೆಂದು ಅದು ಕೇಳುವುದಿಲ್ಲ. ನೂರೀನ ಎದ್ದು ಅಂಗಳದ ನಳಕ್ಕೆ ಕೊಡ ಹಿಡಿದಳು. ಕೊಡಗಳು ತುಂಬಿದವು, ಬ್ಯಾರಲ್ ತುಂಬಿತು. ಉಳಿದ ನೀರಿಗೆ ಬಟ್ಟೆ ಒಗೆಯಲು ಕೂತಳು.

ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದ ಗಂಡನ ಅಂಗಿ ಕೈಗೆ ಬಂತು. ಜೇಬಿನಲ್ಲಿ ಏನೋ ಗುಂಡಗೆ, ಗಟ್ಟಿಯಾಗಿ ತಾಗಿತು. ತೆಗೆದು ನೋಡಿದರೆ ಕ್ಯಾಮೆರಾದ ಲೆನ್ಸಿನ ಮುಚ್ಚಳ.

ಶಫೀಕ ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು. ಗಂಡಸರ ಕಡೆ ಅವನು; ಪರದೆಯ ಆಚೆ, ಹೆಂಗಸರ ಕಡೆ ತಮ್ಮ ಹಳೆಯ ಕ್ಯಾಮೆರಾ ಹಿಡಿದು ನೂರೀನ. ಅವನ ಕೈಯಲ್ಲಿದ್ದ ಒಳ್ಳೆಯ ಕ್ಯಾಮೆರಾ ಅವರದಲ್ಲ. ಲಕ್ಷ್ಮೇಶ್ವರದಲ್ಲಿ ಸ್ಟುಡಿಯೋ ಇಟ್ಟಿದ್ದ, ಅವನಿಗೆ ಕಸುಬು ಕಲಿಸಿದ ಫಕೀರಸಾಬರದು. ಶಿರಹಟ್ಟಿಯ ಮದುವೆಗೆಂದು ಕೇಳಿ ತಂದಿದ್ದ. ಆ ಮದುವೆಯಲ್ಲೇ, ಮದುಮಗಳನ್ನು ಕಳಿಸಿಕೊಡುವ ಹೊತ್ತಿಗೆ, ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

"ಫಕೀರಸಾಬರ ಫೋನ್ ಬಂದಿತ್ತವಾ," ಎಂದು ಅತ್ತೆ ಅಲ್ಮಾಸಬಿ ಒಳಗಿನಿಂದಲೇ ಹೇಳಿದಳು. "ಕ್ಯಾಮೆರಾ ಇರ್ಲಿ, ಅವಸರ ಇಲ್ಲ. ಇದ್ದತ್ ಮುಗಿದ ಮ್ಯಾಲೆ ನೋಡೂಣು ಅಂದ್ರು."

ಗಂಡ ತೀರಿದವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿರಲಿಲ್ಲ. ನೂರೀನ ಮುಚ್ಚಳವನ್ನು ಒರೆಸಿ ತನ್ನ ಪರ್ಸಿನಲ್ಲಿಟ್ಟಳು.

ಎರಡು ವಾರ ಕಳೆದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಆ ಮದುವೆಯ ಚಿತ್ರ ಜೋಡಿಸಲು ಕೂತಳು.

"ಅಯ್ಯ, ಇದ್ದತ್‌ನ್ಯಾಗ ಕುಂತು ಲಗ್ನದ ವಿಡಿಯೋ ನೋಡ್ತಿಯೇನವಾ? ಮಂದಿ ಏನಂದಾರು?" ಎಂದಳು ಅತ್ತೆ.

"ಆ ಹುಡುಗಿ ಲಗ್ನ ಮತ್ತೊಮ್ಮೆ ಆಗಂಗಿಲ್ರಿ ಅಮ್ಮಾ. ಕೊಡಬೇಕಲ್ಲ."

"ಕೊಡು, ಬ್ಯಾಡ ಅನ್ನಂಗಿಲ್ಲ. ಆದ್ರ ಹಾಡು ಗೀಡು ಕೇಳಿಸಬಾರದು ನೋಡು ಮನ್ಯಾಗ."

"ಸೌಂಡ್ ಬಂದ್ ಮಾಡೇನ್ರಿ."

ಹೀಗೆ ಸದ್ದಿಲ್ಲದ ಮದುವೆ ಅವಳ ಮುಂದೆ ಓಡಿತು. ತಾಷೆಯವರು ಸದ್ದಿಲ್ಲದೆ ಬಾರಿಸಿದರು. ಬಿರ್ಯಾನಿಯ ಹಂಡೆಯ ಮುಂದೆ ಯಾರೋ ಯಾರನ್ನೋ ಬೈದರು. ಬಾಯಿ ಮಾತ್ರ ಆಡುತ್ತಿತ್ತು.

ಧಾರವಾಡದಲ್ಲಿ ಎಂ.ಎ. ಓದುವಾಗ ಮೇಷ್ಟ್ರೊಬ್ಬರು ಚಿತ್ರ ಓದುವುದನ್ನು ಕಲಿಸಿದ್ದರು. ಹಾಳೆಯ ನಡುವೆ ಗೆರೆ ಎಳೆಯಿರಿ. ಕಂಡದ್ದು ಎಡಕ್ಕೆ, ಅನಿಸಿದ್ದು ಬಲಕ್ಕೆ. ಕ್ಯಾಮೆರಾ ಎಲ್ಲಿ ನಿಂತಿದೆ, ಯಾರ ಕಣ್ಣಿನಿಂದ ನೋಡುತ್ತಿದೆ, ಚೌಕಟ್ಟಿನ ಹೊರಗೆ ಏನನ್ನು ಬಿಟ್ಟಿದೆ ಎಂದು ಕೇಳಿಕೊಳ್ಳಿ. ಅದನ್ನೆಲ್ಲ ಶಫೀಕನಿಗೆ ಹೇಳಿದಾಗ ಅವನು ನಕ್ಕಿದ್ದ. "ನಿನಗ ಚೌಕಟ್ಟಿನ ಹೊರಗ ಥಿಯರಿ ಕಾಣತೈತಿ ಮೇಡಂ. ನನಗ ಬಿರ್ಯಾನಿ ಕಾಣತೈತಿ."

ಕೈ ನಡುಗಿದ್ದಕ್ಕೆ, ಚೌಕಟ್ಟು ವಾಲಿದ್ದಕ್ಕೆ ಅವಳು ಅವನನ್ನು ಎಷ್ಟು ಸಲ ಬೈದಿದ್ದಳೋ. ಈಗ ಆ ನಡುಕವನ್ನೇ ಹುಡುಕಿ ಹುಡುಕಿ ನೋಡಿದಳು. ಯಾವಾಗಲೂ ಕ್ಯಾಮೆರಾದ ಹಿಂದೆ ಇದ್ದವನದು ಒಂದು ಚಿತ್ರವಾದರೂ ಎಲ್ಲಿಂದ ಬರಬೇಕು? ನೆಲದ ಮೇಲೆ ಬಿದ್ದ ನೆರಳು, ಜನರನ್ನು ಸರಿಸಲು ಚಾಚಿದ ಬೆರಳು, ಅಷ್ಟೇ.

ಕೊನೆಯ ತುಣುಕು ನಲವತ್ತೊಂದು ಸೆಕೆಂಡಿನದು. ಗಂಡಸರ ಕಡೆಯಿಂದ ತೆಗೆದದ್ದು. ಪರದೆ ಒಂದು ಗೇಣು ಸರಿದಿದೆ. ಆ ಸಂದಿಯಲ್ಲಿ ಮದುಮಗಳು ತಾಯಿಯನ್ನು ತಬ್ಬಿ ಅಳುತ್ತಿದ್ದಾಳೆ. ಕ್ಯಾಮೆರಾ ಮದುಮಗಳನ್ನು ಬಿಟ್ಟು ಪಕ್ಕಕ್ಕೆ ಹೊರಳುತ್ತದೆ. ಹಸಿರು ತೋಳಿನ ಒಂದು ಕೈ, ಅದರಲ್ಲಿ ಒಂದು ಕ್ಯಾಮೆರಾ. ಅದು ಯಾರ ಕೈ ಎಂದು ತಿಳಿಯಲು ನೂರೀನ ಮೂರು ಸಲ ನೋಡಬೇಕಾಯಿತು. ಅವಳದೇ. ಕೆಲಸದಲ್ಲಿರುವ ತನ್ನನ್ನು ಅವಳು ಎಂದೂ ಹೊರಗಿನಿಂದ ನೋಡಿರಲಿಲ್ಲ.

ಆ ಹೆಣ್ಣು ಒಮ್ಮೆ ಇತ್ತ ತಿರುಗಿ ಎರಡು ಬೆರಳು ಎತ್ತುತ್ತಾಳೆ. ಎರಡು ನಿಮಿಷ ತಡಿ ಎಂಬುದಕ್ಕೆ ಗಂಡಹೆಂಡಿರ ನಡುವೆ ಇದ್ದ ಸನ್ನೆ ಅದು. ಮತ್ತೆ ಮದುಮಗಳ ಕಡೆ ತಿರುಗುತ್ತಾಳೆ. ಚೌಕಟ್ಟು ನಿಧಾನಕ್ಕೆ ಬಲಕ್ಕೆ ವಾಲುತ್ತದೆ, ಮುಖಗಳು ಮಸುಕಾಗಿ ಪರದೆಯ ಬಟ್ಟೆಯ ಎಳೆಗಳು ಸ್ಪಷ್ಟವಾಗುತ್ತವೆ. ಆಮೇಲೆ ಏನೂ ಇಲ್ಲ.

ಬೆರಳೆತ್ತಿದ ನೆನಪು ಅವಳಿಗೆ ಇರಲೇ ಇಲ್ಲ. ಒಂದೊಂದು ಮದುವೆಯಲ್ಲಿ ಹತ್ತು ಸಲ ಎತ್ತುತ್ತಿದ್ದಳು.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಡಕ್ಕೆ ಬರೆದಳು: ಅವನು ಕರೆಯುತ್ತಿದ್ದಾನೆ. ತಡಿ ಅಂದೆ.

ಸದ್ದು ಹಚ್ಚಿದ್ದರೆ ಅವನು ಕರೆದನೋ ಇಲ್ಲವೋ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಮೊದಮೊದಲು ಅತ್ತೆಗೆ ಕೊಟ್ಟ ಮಾತು ತಡೆಯಿತು. ಆಮೇಲೆ ಮಾತಿನ ನೆಪವೂ ಬೇಕಾಗಲಿಲ್ಲ, ಕೈಯೇ ಏಳಲಿಲ್ಲ. ಮದುವೆಯ ಚಿತ್ರ ಅಲ್ಲಿಗೇ ನಿಂತಿತು.

ಇದ್ದತ್ ಮುಗಿದ ಮರುದಿನ ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮುಳಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಬಂದಳು. ಫಕೀರಸಾಬರು ಕುರ್ಚಿ ಒರೆಸಿ ಕೊಟ್ಟರು, ಚಹಾ ತರಿಸಿದರು, ಚೀಲ ಬಿಚ್ಚಲಿಲ್ಲ.

"ಚಾಚಾ, ಒಂದು ಕೆಲಸ ಮಾಡ್ರಿ. ಇದರಾಗ ಕೊನೀ ಶಾಟ್ ಐತಿ. ನೀವು ಕೇಳ್ರಿ. ಅವರು ನನ್ನ ಕರದಾರೋ ಇಲ್ಲೋ, ಅಷ್ಟು ಹೇಳ್ರಿ ಸಾಕು."

ಫಕೀರಸಾಬರು ಅವಳ ಮುಖ ನೋಡಿದರು. ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾದ ಪುಟ್ಟ ಪರದೆಯ ಮೇಲೆ ಬಾಗಿದರು. ನಲವತ್ತೊಂದು ಸೆಕೆಂಡು ಅವಳು ಅವರ ಮುಖವನ್ನೇ ಓದುತ್ತ ಕೂತಳು.

"ಕರದಿಲ್ಲವಾ ಅಂವ."

"ಖರೆ ಹೇಳ್ರಿ, ಚಾಚಾ."

"ಈ ವಯಸ್ಸಿನ್ಯಾಗ ನಿನ್ನ ಮುಂದ ಸುಳ್ಳು ಹೇಳಿ ಎಲ್ಲಿಗೆ ಹೋಗ್ಲಿ?" ಎಂದು ಅವರು ಹೆಡ್‌ಫೋನ್ ತೆಗೆದು ಅವಳ ಕೈಗಿತ್ತರು.

ತಾಷೆ. ಹೆಂಗಸರ ಅಳು. ಹತ್ತಿರದಲ್ಲೇ ಯಾವುದೋ ಗಂಡಸಿನ ದನಿ: "ಯಾಕ್ರಿ, ಹಿಂಗ್ಯಾಕ ಬೆವತೀರಿ? ನಿಮ್ಮ ಮನ್ಯಾಗಿನವರನ್ನ ಕರೀಲೇನು?"

ಆಮೇಲೆ ಶಫೀಕ. ಉಸಿರು ಕಟ್ಟಿತ್ತು, ಆದರೂ ನಗೆ ಇತ್ತು. "ಬ್ಯಾಡ್ರಿ, ಕರೀಬ್ಯಾಡ್ರಿ. ಹುಡುಗಿ ಅಳಾಕತ್ತಾಳ ನೋಡ್ರಿ, ನಮ್ಮಾಕಿ ಶಾಟ್ ಕೆಡತೈತಿ."

ಉಳಿದದ್ದು ಬರೀ ಉಸಿರು.

ನೂರೀನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ತನ್ನ ಕಡೆ ಹೊರಳಿದ ಕ್ಯಾಮೆರಾವನ್ನು ಕಂಡು, ಎಂದಿನಂತೆ ಬದಲಿ ಬ್ಯಾಟರಿ ಕೇಳುತ್ತಿದ್ದಾನೆಂದುಕೊಂಡು ಅಂದು ಬೆರಳೆತ್ತಿದ್ದಿರಬೇಕು. ಅವನು ಏನೂ ಕೇಳಿರಲಿಲ್ಲ. ಸುಮ್ಮನೆ ನೋಡುತ್ತಿದ್ದ. ಬಲಕ್ಕೆ ಬರೆಯಬೇಕಾದದ್ದನ್ನು ಅವಳು ಎಡಕ್ಕೆ ಬರೆದು ಮೂರು ತಿಂಗಳಿಗೂ ಮಿಕ್ಕಿ ದಿನವೂ ಓದಿದ್ದಳು.

"ನನ್ನ ಕರೀಬೇಕಾಗಿತ್ತು, ಚಾಚಾ," ಎಂದಳು.

ಫಕೀರಸಾಬರು ಕ್ಯಾಮೆರಾದಿಂದ ಮೆಮೊರಿ ಕಾರ್ಡು ತೆಗೆದು ಅವಳ ಮುಂದಿಟ್ಟರು. "ಇದು ನಿಂದು. ಆ ಹುಡುಗಿ ಲಗ್ನದ ಚಿತ್ರ ಮುಗಿಸಿ ಕೊಡು." ಕ್ಯಾಮೆರಾವನ್ನು ತಿರುಗಿಸಿ ನೋಡಿದರು, ಮಾತು ಬದಲಿಸಲು ಇರಬೇಕು. "ನೋಡಿಲ್ಲಿ, ಮುಚ್ಚಳ ಕಳದಾನ ಮತ್ತ. ನನ್ನವು ಮೂರು ಕಳದಿದ್ದ, ಇದು ನಾಕನೇದು."

"ಇದು ಕಳದಿಲ್ರಿ."

ಅವಳು ಪರ್ಸಿನಿಂದ ಮುಚ್ಚಳ ತೆಗೆದು, ಸೆರಗಿನಿಂದ ಒರೆಸಿ, ತಾನೇ ಲೆನ್ಸಿಗೆ ಕೂರಿಸಿದಳು. ಟಿಕ್ ಎಂದು ಕೂತಿತು. ಆಮೇಲೆ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಕೊಟ್ಟಳು.