ಸೋಮುವಿನ ಶ್ರಾವಣ

ನಾಯಿಗೆ ಬುದ್ಧಿ ಇಲ್ಲ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಸೋಮುವಿಗೆ ಬುದ್ಧಿ ಹೆಚ್ಚಾದ್ದರಿಂದಲೇ ನಾವು ಬೀದಿಗೆ ಬೀಳುವ ಹಾಗಾದದ್ದು.

ಅವನನ್ನು ತಂದವನು ನನ್ನ ಗಂಡ ಸಾಯಿನಾಥ. ಕಾರವಾರದ ಬೈತಖೋಲ ಬಂದರಿನಿಂದ ಐಸ್ ಸಾಗಿಸುವ ಟೆಂಪೋ ಓಡಿಸುತ್ತಾನೆ. ಹೋದ ವರ್ಷ ಮಳೆಗಾಲದಲ್ಲಿ ಒಂದು ಸೋಮವಾರ, ಟೆಂಪೋದ ಗಾಲಿಯ ಅಡಿಗೆ ನಡುಗುತ್ತ ಮಲಗಿದ್ದ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಬಂದ. ಒಂದು ಕಿವಿ ಹರಿದಿತ್ತು, ಹೊಟ್ಟೆ ಬೆನ್ನಿಗೆ ಹತ್ತಿತ್ತು. "ಎರಡ್ ದಿವ್ಸ ಇಟ್ಕಳ್ವ, ಆಮೇಲೆ ಯಾರಿಗಾರೂ ಕೊಡ್ವ" ಎಂದ. ನನ್ನ ಅತ್ತೆ ನಾಗಮ್ಮ ಬೈಯುತ್ತಲೇ ಗಂಜಿ ಆರಿಸಿ ಕುಡಿಸಿದರು. ಯಾರಿಗೂ ಕೊಡಲಿಲ್ಲ. ಮರಿಯಾಗಿದ್ದಾಗ ಮುದ್ದು ಮಾಡದವರೇ ಇರಲಿಲ್ಲ. ಈಗ ಅವನು ಕೈಕಾಲು ಉದ್ದ ಬಂದ, ಯಾರ ಮಾತೂ ಕೇಳದ, ಊರಿಗೆಲ್ಲ ಬೇಡಾದ ಪೋರ.

ಅವನನ್ನು ಕೆಡಿಸಿದ್ದು ಹಬ್ಬುವಾಡದ ನಮ್ಮ ಓಣಿ. ನಮ್ಮ ಮನೆಯೂ ಸೇರಿ ಎನ್ನಿ. ಬೆಳಿಗ್ಗೆ ಹೊನ್ನಕ್ಕ ಮೀನಿನ ಬುಟ್ಟಿ ಹೊತ್ತು "ಬಾಂಗ್ಡೆ, ತಾರ್ಲೆ" ಎಂದು ಕೂಗುತ್ತ ಬಂದರೆ ಇವನು ಓಡಿಹೋಗಿ ಅವಳ ಸೆರಗು ಕಚ್ಚಿ ಹಿಡಿಯುತ್ತಿದ್ದ. ತಲೆಯ ಮೇಲಿನ ಬುಟ್ಟಿ ಬಿದ್ದೀತೆಂದು ಅವಳು ಒಂದು ತಾರ್ಲೆ ಎಸೆಯುತ್ತಿದ್ದಳು. ಇವನು ಬಿಡುತ್ತಿದ್ದ. ಆಮೇಲೆ ಹೆಂಗಸರು ಹಿತ್ತಲ ಮೆಟ್ಟಿಲಲ್ಲಿ ಈಳಿಗೆ ಇಟ್ಟುಕೊಂಡು ಮೀನು ಕೊಯ್ಯಲು ಕೂತರೆ ಒಂದೊಂದೇ ಮನೆಯ ಎದುರು ನಿಂತು ಬೊಗಳುತ್ತಿದ್ದ. "ತಗಳ, ತಿಂದ್ಕಂಡ್ ಹಾಳಾಗ್ ಹೋಗ" ಎಂದು ತಲೆ, ಬಾಲ, ಕರುಳು ಗೋಡೆಯಾಚೆ ಬೀಳುತ್ತಿತ್ತು. ಓಣಿಗೆಲ್ಲ ಸುಂಕ ವಸೂಲಿ ಮಾಡಿ ಬಂದು ನಮ್ಮ ಹೊಸ್ತಿಲಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗುತ್ತಿದ್ದ. ನಾವು ನಕ್ಕೆವು. ಅವನ ಅನ್ನ ಅವನೇ ದುಡಿಯುತ್ತಾನೆ ಎಂದು ಹೆಮ್ಮೆಪಟ್ಟೆವು.

ನಗು ನಿಂತದ್ದು ಮಳೆಗಾಲಕ್ಕೆ. ಮೊದಲು ಮೀನುಗಾರಿಕೆಗೆ ರಜೆಯೆಂದು ಬೋಟುಗಳು ದಡಕ್ಕೆ ಬಂದು ಮೀನು ಕಮ್ಮಿಯಾಯಿತು. ಹಿಂದೆಯೇ ಶ್ರಾವಣ ಬಂತು. ಶ್ರಾವಣ ಹಿಡಿದರೆ ನಮ್ಮ ಓಣಿಯಲ್ಲಿ ಚೌತಿ ಮುಗಿಯುವ ತನಕ ಯಾರ ಮನೆಯಲ್ಲೂ ಮೀನು ಬೇಯುವುದಿಲ್ಲ. ಹೊನ್ನಕ್ಕನೂ ಈ ಕಡೆ ಬರುವುದಿಲ್ಲ. ಮನುಷ್ಯರಿಗೆ ವ್ರತ, ನಾಯಿಗೆ ಯಾರು ಹೇಳಬೇಕು? ಸೋಮು ಪ್ರತಿ ಹಿತ್ತಲಿಗೂ ಹೋಗಿ ಬೊಗಳಿದ. ಏನೂ ಬೀಳಲಿಲ್ಲ. ಇನ್ನೂ ಜೋರಾಗಿ ಬೊಗಳಿದ. ಬಾಗಿಲು ಕೆರೆದ, ಒಣಗಿದ ಬಟ್ಟೆ ಎಳೆದು ಕೆಸರಿಗೆ ಹಾಕಿದ, ನಾನು ಹೊಲಿದಿಟ್ಟ ಗಿರಾಕಿಯೊಬ್ಬರ ರವಿಕೆಯನ್ನು ಚಿಂದಿ ಮಾಡಿದ. ಕಡೆಗೆ ಒಂದು ಮಧ್ಯಾಹ್ನ ನಮ್ಮ ಮನೆ ಮಾಲೀಕರಾದ ಅಶೋಕ ಮಾಮನ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿದ.

ಇಂಜೆಕ್ಷನ್ ಹಾಕಿಸಿಕೊಂಡು ಬಂದ ಅಶೋಕ ಮಾಮ ಅಂಗಳದಲ್ಲೇ ನಿಂತು ಹೇಳಿದರು. "ಯೋಗಿತಾ, ಚೌತಿಗೆ ನಮ್ಮನೇಗೆ ಗಣಪತಿ ಬರ್ತದೆ, ನೆಂಟ್ರು ಮಕ್ಳು ಎಲ್ಲಾ ಬರ್ತರು. ಅಷ್ಟ್ರೊಳಗೆ ನಾಯಿ ಹೋಗ್ಬೇಕು. ಇಲ್ಲಾಂದ್ರೆ ನೀವ್ ಹೋಗ್ಬೇಕು."

ಬದಿ ಮನೆಯವರೊಬ್ಬರು ಇನ್ನೂ ಸುಲಭದ ದಾರಿ ಹೇಳಿದರು. ಅನ್ನದಲ್ಲಿ ಔಷಧಿ ಹಾಕಿದರೆ ಬೆಳಗಾಗುವುದರೊಳಗೆ ಮುಗಿಯುತ್ತದಂತೆ. ಅವತ್ತಿನಿಂದ ಸೋಮು ಕಣ್ಣಿಗೆ ಬೀಳದಿದ್ದರೆ ಹೊಲಿಗೆ ಬಿಟ್ಟು ಹುಡುಕಲು ಏಳುತ್ತಿದ್ದೆ.

ಕಚ್ಚಿದ ನಾಯಿಯನ್ನು ನೋಡಿಸಬೇಕೆಂದು ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಿಂಚನಾ ಎಂಬ ಸಣ್ಣ ಪ್ರಾಯದ ಡಾಕ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಬೊಗಳಿದ್ರೆ ಸಿಗ್ತದೆ ಅಂತ ಓಣಿಯವರೆಲ್ಲ ಸೇರಿ ಕಲ್ಸಿದ್ದೀರಿ. ಈಗ ಸಿಗ್ತಾ ಇಲ್ಲ, ಅದಕ್ಕೆ ಜೋರು ಮಾಡ್ತಾನೆ" ಎಂದರು. ಉಪಾಯವನ್ನೂ ಅವರೇ ಹೇಳಿದರು. "ಇನ್ಮೇಲೆ ಬೊಗಳಿದ್ರೆ ಏನೂ ಸಿಗ್ಬಾರ್ದು. ಬೈಗಳ, ಪೆಟ್ಟು ಸಹ ಸಿಗ್ಬಾರ್ದು. ಮುಖ ತಿರುಗ್ಸಿ. ಸುಮ್ಮನಾದ ಕೂಡ್ಲೆ ಹತ್ರ ಹೋಗಿ, ತಿನ್ನೂಕೆ ಏನಾರೂ ಕೊಡಿ. ಬೊಗಳಿದ್ರೆ ಯಾರೂ ಬರೂದಿಲ್ಲ, ಸುಮ್ಮನಿದ್ರೆ ಬರ್ತಾರೆ, ಇಷ್ಟು ಅವನ ತಲೆಗೆ ಹೋಗ್ಬೇಕು. ಆದ್ರೆ ಒಬ್ರು ಸೋತು ಒಂದ್ ಚೂರು ಕೊಟ್ರೂ ಮೊದ್ಲಿಂದ ಶುರು. ನಿಮ್ಮ ಓಣೀಲಿ ಈಗ ಮೀನೇ ಇಲ್ಲ ಅಂದ್ರಲ್ಲ? ಇದಕ್ಕಿಂತ ಒಳ್ಳೆ ತಿಂಗಳು ಸಿಗೂದಿಲ್ಲ."

ಮನೆಮನೆಗೆ ಹೋಗಿ ಕೈಮುಗಿದೆ. ಏನೂ ಕೊಡಬೇಡಿ, ಬೊಗಳಿದರೆ ಒಳಗೆ ಹೋಗಿ ಎಂದೆ. ಕೊಡಲಿಕ್ಕೆ ಏನಿದೆ, ಶ್ರಾವಣ ಅಲ್ಲವೆ ಎಂದು ಎಲ್ಲರೂ ಒಪ್ಪಿದರು. ಅಶೋಕ ಮಾಮನೂ ಒಪ್ಪಿದರು. ಅವರ ಹೆಂಡತಿ ಪರಮೇಶ್ವರಕ್ಕನಂತೂ ಶ್ರಾವಣದಲ್ಲಿ ಈರುಳ್ಳಿಯನ್ನೂ ಒಳಗೆ ತರದವರು.

ಆ ಮೇಲೆ ದಿನವೂ ಒಂದೇ ಕಥೆ. ಹೊಲಿಗೆ ಮಿಷನ್ನಿನ ಮುಂದೆ ನಾನು ಬೆನ್ನು ತಿರುಗಿಸಿ ಕೂರುವುದು, ಹಿಂದಿನಿಂದ ಅವನು ಗಂಟಲು ಹರಿಯುವ ಹಾಗೆ ಬೊಗಳುವುದು. ನನ್ನ ಜಡೆ ಎಳೆದ. ಮೊಣಕೈ ಕಚ್ಚಿ ರಕ್ತ ಬರಿಸಿದ. ನಾನು ಕಲ್ಲಾಗಿ ಕೂತೆ. ಅತ್ತೆ ಒಳಗಿನಿಂದ, "ಆ ಪೋರನ ಸಂಕಟ ನೋಡೂಕಾಗೂದಿಲ್ವೆ, ಒಂದ್ ಮುಷ್ಟಿ ಅನ್ನನಾರೂ ಹಾಕ್ಯೆ" ಎಂದು ಅಳುತ್ತಿದ್ದರು. "ಹಾಕಿದ್ರೆ ಸಾಯ್ತ ಆಯಿ, ಯಾರಾರೂ ಕೊಲ್ತರು ಅವನ್ನ" ಎಂದು ನಾನೂ ಅಳುತ್ತಿದ್ದೆ. ಒಂದು ಸಲ ಸಿಟ್ಟು ತಡೆಯಲಾರದೆ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿದೆ. ಅವನು ಹೊಡೆಸಿಕೊಳ್ಳಲು ತಯಾರಾದವನಂತೆ ಕಣ್ಣು ಮುಚ್ಚಿ ನಿಂತ. ಹಿಡಿಸೂಡಿ ಕೆಳಗಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಅವನು ಉಸಿರು ತೆಗೆದುಕೊಳ್ಳಲು ಬೊಗಳುವುದನ್ನು ನಿಲ್ಲಿಸಿದರೂ ಸಾಕು, ಥಟ್ಟನೆ ತಿರುಗಿ ಒಂದು ಚೂರು ಕೊಬ್ಬರಿ ಕೊಡುತ್ತಿದ್ದೆ. "ಸುಮ್ನಿದ್ರೆ ಬತ್ತೆ, ಸೋಮು. ಸುಮ್ನಿದ್ರೆ ನಾ ಬತ್ತೆ" ಎಂದು ಪ್ರತಿ ಸಲವೂ ಹೇಳುತ್ತಿದ್ದೆ. ಅವನಿಗೆ ಮಾತು ತಿಳಿಯುತ್ತಿತ್ತೋ ಕೊಬ್ಬರಿ ತಿಳಿಯುತ್ತಿತ್ತೋ, ನಿಧಾನಕ್ಕೆ ಆ ಸಣ್ಣ ನಿಲುಗಡೆಗಳು ದೊಡ್ಡದಾದವು. ಒಂದು ದಿನ ಬಾಗಿಲ ಹತ್ತಿರ ಬಂದು, ಮುಂದಿನ ಎರಡೂ ಕಾಲು ಜೋಡಿಸಿ ಕೂತು, ಮೈಯೆಲ್ಲ ನಡುಗಿಸುತ್ತ, ಬಾಯಿ ಬಿಡದೆ ನನ್ನನ್ನೇ ನೋಡಿದ. ಓಡಿಹೋಗಿ ತಬ್ಬಿಕೊಂಡೆ. ಸಂಜೆ ಸಾಯಿನಾಥನಿಗೆ ತೋರಿಸಿದೆ. "ಗೆದ್ದೆ ಅಲ್ವೆ ಮಾರಾಯ್ತಿ" ಎಂದು ಅವನೂ ನಕ್ಕ.

ಆದರೆ ಓಣಿಯಿಂದ ದೂರು ನಿಲ್ಲಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಹೊತ್ತಿಗೆ ಅಶೋಕ ಮಾಮನ ಹಿತ್ತಲಿನಿಂದ ಅದೇ ಹಳೇ ಬೊಗಳು. ನಮ್ಮ ಮನೆಯಲ್ಲಿ ಬಾಯಿ ಮುಚ್ಚಿದವನು ಅಲ್ಲಿಗೆ ಹೋದರೆ ಯಾಕೆ ಹೀಗೆ ಎಂದು ತಲೆ ಕೆಟ್ಟು ಹೋಯಿತು. ಕಟ್ಟಿ ಹಾಕಿದರೆ ಹಗ್ಗ ಕಡಿದು ಅಲ್ಲಿಗೇ ಓಡುತ್ತಿದ್ದ.

ಶ್ರಾವಣ ಶನಿವಾರ ಪರಮೇಶ್ವರಕ್ಕ ದೇವಸ್ಥಾನಕ್ಕೆ ಹೋಗಿದ್ದರು. ಬೊಗಳು ಕೇಳಿ ನಾನು ಹಿಂದೆಯೇ ಹೋದೆ. ಅವರ ಬಚ್ಚಲುಮನೆ ಹಿತ್ತಲಲ್ಲಿ ಬೇರೆಯೇ ಇದೆ. ನೀರು ಕಾಸುವ ಒಲೆಯ ಮುಂದೆ ಅಶೋಕ ಮಾಮ ಕುಕ್ಕರಗಾಲಲ್ಲಿ ಕೂತಿದ್ದರು. ಕೆಂಡದ ಮೇಲೆ ಒಣ ಬಾಂಗಡೆ. ಹಸಿ ಸೌದೆಯ ಹೊಗೆಯಲ್ಲಿ ವಾಸನೆ ಅಡಗಿಸಿದ್ದರು. ಮನುಷ್ಯರ ಮೂಗಿಗೆ ಅಡಗಿತ್ತು, ಅಷ್ಟೆ. ಸೋಮು ಬಾಗಿಲಲ್ಲಿ ನಿಂತು ಒಂದೇ ಸಮ ಬೊಗಳುತ್ತಿದ್ದ. "ಶ್, ಸುಮ್ನಿರ ಮಾರಾಯಾ, ಮರ್ಯಾದೆ ತೆಗೀಬೇಡ" ಎಂದು ಅವರು ಮುರಿದು ಅರ್ಧ ಮೀನು ಅವನತ್ತ ಎಸೆದರು.

ನನ್ನನ್ನು ಕಂಡು ಅವರ ಕೈ ನಿಂತಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಲ್ಲೇ ಒಗೆಯುವ ಕಲ್ಲಿನ ಮೇಲೆ ಕೂತೆ.

"ಮಾಮಾ, ಯಾವಾಗಿಂದ ಕೊಡ್ತಾ ಇದ್ರಿ?"

"ಶುರುವಿಂದ್ಲೇ" ಎಂದರು ತಲೆ ತಗ್ಗಿಸಿ. "ಅವತ್ತ್ ಕಚ್ಚಿದ್ದೂ ಅದ್ಕೇ. ಕೊಡೂಕೆ ತಡ ಮಾಡ್ದೆ. ಕೊಡ್ದಿದ್ರೆ ಓಣಿಗೆಲ್ಲಾ ಗೊತ್ತಾಗೂ ಹಂಗೆ ಕೂಗ್ತದಲ್ಲ. ನಾ ಎಂತಾ ಮಾಡೂದು?"

"ನೀವ್ ತಿನ್ನಿ ಮಾಮಾ. ದೇವರಾಣೆ ಯಾರಿಗೂ ಹೇಳೂದಿಲ್ಲ. ಅವಂಗೆ ಮಾತ್ರ ಕೊಡ್ಬೇಡಿ. ಅಥ್ವಾ ಅಂವ ಸುಮ್ನಿದ್ದಾಗ ಕೊಡಿ. ಇನ್ನೊಂದ್ ಸ್ವಲ್ಪ ದಿವ್ಸ. ನಿಮ್ಮ ಕಾಲಿಗ್ ಬೀಳ್ತೆ."

ಅವರು ಉಳಿದರ್ಧ ಮೀನನ್ನು ಬೂದಿಯಲ್ಲಿ ಹೂತರು. ಸಂಜೆ ಹೆಂಡತಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಮ್ಮ ಅಂಗಳಕ್ಕೆ ಬಂದು, ನನ್ನ ಮುಖ ನೋಡದೆ ಸಾಯಿನಾಥನಿಗೆ ಹೇಳಿದರು. ಚೌತಿ ತನಕ ಕಾಯುವುದಿಲ್ಲ, ನಾಯಿ ನಾಳೆಯೇ ಹೋಗಬೇಕು; ಇಲ್ಲದಿದ್ದರೆ ಚೌತಿಯೊಳಗೆ ಮನೆ ಖಾಲಿ ಮಾಡಬೇಕು. ಅವರಿಗೆ ನಾಯಿಯ ಭಯ ಹೋಗಿ ನನ್ನ ಬಾಯಿಯ ಭಯ ಹಿಡಿದಿತ್ತು. ಪರಮೇಶ್ವರಕ್ಕ ಪಾಪ, "ನಾಮೂ ವ್ರತದಲ್ಲಿ ಇದ್ದವ್ರು, ದಿನಾ ಈ ಗಲಾಟೆ ಹೆಂಗೆ ತಡ್ಕಳೂದೆ" ಎಂದರು. ಮಾತು ನನ್ನ ನಾಲಿಗೆಯ ತುದಿಗೆ ಬಂತು. ಆ ಹೆಂಗಸಿನ ಮುಖ ನೋಡಿ ನುಂಗಿದೆ.

ಮಳೆಗಾಲದ ನಡುವೆ ಮುದುಕಿ ಅತ್ತೆಯನ್ನು, ಮಿಷನ್ನನ್ನು, ಕಚ್ಚುವ ನಾಯಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಅಂಕೋಲಾ ತಾಲೂಕಿನ ಅವರ್ಸಾದಲ್ಲಿರುವ ನನ್ನ ಅಣ್ಣ ಜಟ್ಟಿಗೆ ಫೋನ್ ಮಾಡಿದೆ. ಅವನು ಗೇಣಿ ಗದ್ದೆಯಲ್ಲಿ ತರಕಾರಿ ಬೆಳೆಯುತ್ತಾನೆ. "ಕಳ್ಸ್ ತಂಗಿ. ಮಂಗನ ಕಾಟ ತಡೂಕಾಗೂದಿಲ್ಲ, ನಮ್ಗೆ ಕಚ್ಚೂ ನಾಯಿನೇ ಬೇಕು. ಗದ್ದೆ ಬದಿಗೆ ಕಟ್ಟಿ ಹಾಕ್ತೆ, ಬೊಗಳ್ತಾ ಇರ್ಲಿ" ಎಂದ.

ಮರುದಿನ ಸಾಯಿನಾಥ ಬೇಲೇಕೇರಿಗೆ ಐಸ್ ಒಯ್ಯುವವನಿದ್ದ. ಟೆಂಪೋದಲ್ಲಿ ಸೋಮು ನನ್ನ ತೊಡೆಯ ಮೇಲೆ ತಲೆಯಿಟ್ಟು ಕೂತ. ಅತ್ತೆ ಅವನ ತಲೆ ಸವರಿ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಬಿಣಗಾ, ಅರ್ಗಾ ದಾಟಿ ಅವರ್ಸಾ ಬಂತು. ನಮ್ಮನ್ನು ಹೆದ್ದಾರಿಯಲ್ಲಿ ಇಳಿಸಿ, ಬರುವಾಗ ಕರೆದುಕೊಂಡು ಹೋಗುತ್ತೇನೆಂದು ಸಾಯಿನಾಥ ಮುಂದೆ ಹೋದ. ಅವನ ಕಣ್ಣು ಕೆಂಪಾಗಿತ್ತು.

ಜಟ್ಟಿಯಣ್ಣ ಗದ್ದೆಯ ಅಂಚಿನ ಗೇರುಮರಕ್ಕೆ ಸರಪಳಿ ಬಿಗಿದಿಟ್ಟಿದ್ದ. ಮರದಡಿ ಒಂದು ತಗಡಿನ ಚೂರು ಬಿಟ್ಟರೆ ಮಳೆಗೆ ಮರೆಯಿಲ್ಲ. ಸರಪಳಿಯನ್ನು ನಾನೇ ಹಾಕಿದೆ. ಉಳಿದ ಕೊಬ್ಬರಿಯನ್ನೆಲ್ಲ ಅವನ ಮುಂದೆ ಸುರಿದು, ತಿರುಗಿ ನೋಡಬಾರದೆಂದು ಗಟ್ಟಿ ಮಾಡಿಕೊಂಡು ನಡೆದೆ.

ಈಗ ಕೂಗುತ್ತಾನೆ ಎಂದುಕೊಂಡೆ. ಗದ್ದೆ ನಡುವಿನ ಹಾಳಿ ನಡೆದು ಮುಗಿಯಿತು. ಕೂಗಲಿಲ್ಲ. ಕೂಗಿದರೆ ನನಗೆ ಹೋಗುವುದು ಸುಲಭವಿತ್ತು. ಬೈದುಕೊಂಡು, ಅತ್ತುಕೊಂಡು, ಕಿವಿ ಮುಚ್ಚಿಕೊಂಡು ಓಡಿಬಿಡುತ್ತಿದ್ದೆ. ಹೆದ್ದಾರಿ ಹತ್ತುವಲ್ಲಿ ನಿಂತು ಒಂದೇ ಒಂದು ಬೊಗಳಿಗೆ ಕಾದೆ. ಲಾರಿಗಳ ಸದ್ದು ನಿಂತಾಗಲೆಲ್ಲ ಕಿವಿಗೊಟ್ಟೆ. ಇಲ್ಲ.

ತಿರುಗಿ ನೋಡಿದೆ. ಕೊಬ್ಬರಿಗೆ ಬೆನ್ನು ಹಾಕಿದ್ದ. ಸರಪಳಿ ಎಷ್ಟು ಬರುತ್ತದೋ ಅಷ್ಟು ಮುಂದೆ ಬಂದು, ಮುಂದಿನ ಎರಡೂ ಕಾಲು ಜೋಡಿಸಿ, ಬಾಯಿ ಮುಚ್ಚಿ ಕೂತಿದ್ದ. ನಾನು ಹೋದ ದಾರಿಯನ್ನೇ ನೋಡುತ್ತಿದ್ದ. ಅಷ್ಟು ದೂರಕ್ಕೂ ಅವನ ಮೈ ನಡುಗುವುದು ಕಾಣುತ್ತಿತ್ತು.

ಕಲಿಸಿದವಳು ನಾನು. ಬೊಗಳಿದರೆ ಯಾರೂ ಬರುವುದಿಲ್ಲ, ಸುಮ್ಮನಿದ್ದರೆ ಬರುತ್ತೇನೆ ಎಂದು ಶ್ರಾವಣ ಪೂರ್ತಿ ಹೇಳಿದವಳು ನಾನು. ಅವನು ನನ್ನ ಮಾತು ನಂಬಿ ಕೂತಿದ್ದಾನೆ.

ಕೆಸರಲ್ಲಿ ಒಂದು ಚಪ್ಪಲಿ ಹೂತುಹೋಯಿತು, ತೆಗೆಯಲು ನಿಲ್ಲಲಿಲ್ಲ. ಗೇರುಮರದಡಿ ಕೂತು ಸರಪಳಿ ಬಿಚ್ಚತೊಡಗಿದೆ. ಅವನು ಕೊನೆಯ ತನಕ ಬಾಯಿ ಬಿಡಲಿಲ್ಲ. ಬಿಚ್ಚಿದ ಮೇಲೆ ಮುಖವನ್ನು ನನ್ನ ಕಂಕುಳಿಗೆ ತುರುಕಿದ.

"ಎಂತಾ ಆಯ್ತೆ ತಂಗಿ?" ಎಂದು ಜಟ್ಟಿಯಣ್ಣ ಓಡಿ ಬಂದ.

"ಅಂವ ಕೂಗ್ಲಿಲ್ಲ ಅಣ್ಣ."

"ಕೂಗ್ದೆ ಇದ್ರೆ ಒಳ್ಳೇದಲ್ವನೆ?"

ನಾಯಿಯನ್ನು ಕರೆದುಕೊಂಡು ಹೆದ್ದಾರಿಗೆ ಬಂದೆ. ಸಾಯಿನಾಥ ಬಂದಾಗ ನಾವಿಬ್ಬರೂ ಮಳೆಯಲ್ಲಿ ತೊಪ್ಪೆಯಾಗಿ ಕೂತಿದ್ದೆವು. ಅವನು ಕೆಳಗಿಳಿದು ನನ್ನ ಬರಿಗಾಲನ್ನು ನೋಡಿದ, ಸೋಮುವನ್ನು ನೋಡಿದ, ಬಾಗಿಲು ತೆಗೆದ. ಅರ್ಗಾ ದಾಟಿದ ಮೇಲೆ, "ಚೌತಿ ಒಳ್ಗೆ ಮನೆ ಸಿಗ್ತದೇನೆ?" ಎಂದ.

"ಗೊತ್ತಿಲ್ಲ" ಎಂದೆ.