ಮೂವತ್ತೆರಡನೇ ನಂಬರಿನ ಐದನೇ ಫೌಲ್

ನವೆಂಬರ್ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಪೋಸ್ಟಾಫೀಸಿನ ಕೌಂಟರಿನಲ್ಲಿ ಪಾರ್ಸೆಲ್ ತೂಗುತ್ತಲೇ ಮನಸ್ಸು ಅಯೋವಾದಿಂದ ಒಹಾಯೊವರೆಗಿನ ಪುಟ್ಟ ಕಾಲೇಜುಗಳ ಜಿಮ್‌ಗಳನ್ನು ಒಂದು ಸುತ್ತು ಹಾಕಿಬರುತ್ತದೆ. ಟಿವಿಯವರು ತಿರುಗಿಯೂ ನೋಡದ ತಂಡಗಳು ಇವು. ಹುಡುಗರಿಗೆ ಆಟಕ್ಕೆಂದು ಯಾರೂ ವಿದ್ಯಾರ್ಥಿವೇತನ ಕೊಡುವುದಿಲ್ಲ. ಬೆಳಗ್ಗೆ ಕೆಮಿಸ್ಟ್ರಿ ಲ್ಯಾಬು, ಸಂಜೆ ಬ್ಯಾಸ್ಕೆಟ್‌ಬಾಲ್. ಲೀಗ್ ಶುರುವಾಗುವುದು ಡಿಸೆಂಬರಿನಲ್ಲಿ, ನವೆಂಬರಿನ ಆಟಗಳು ಯಾವ ಲೆಕ್ಕಕ್ಕೂ ಇಲ್ಲ ಎಂದು ಬುದ್ಧಿವಂತರು ಹೇಳುತ್ತಾರೆ. ಬುದ್ಧಿವಂತರು ಮನೆಯಲ್ಲೇ ಇರಲಿ. ನವೆಂಬರಿನಲ್ಲಿ ಇನ್ನೂ ಯಾವ ತಂಡದ ಆಸೆಯೂ ಸತ್ತಿರುವುದಿಲ್ಲ, ನನಗೆ ಬೇಕಾದದ್ದು ಅದೇ.

ಇಪ್ಪತ್ತೆರಡು ವರ್ಷದಿಂದ ನಮ್ಮೂರಿನ ಹೌಗನ್ ಕಾಲೇಜಿನ ಸ್ಕೋರ್ ಬುಕ್, ಅಂದರೆ ಅಂಕ, ಫೌಲ್‌ಗಳ ದಾಖಲೆ ಪುಸ್ತಕ, ಬರೆಯುವವಳು ನಾನು. ರೆಫರಿಗಳ ಹಾಗೆ ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಅಂಗಣದ ಅಂಚಿನ ಉದ್ದ ಮೇಜಿನ ನಡುವೆ ಕೂರುತ್ತೇನೆ. ಕಂಪ್ಯೂಟರ್ ಹಿಡಿದ ಹುಡುಗರು ಆ ಕಡೆ ಇದ್ದಾರೆ, ತಲೆಯ ಮೇಲೆ ಅಂಕ ತೋರಿಸುವ ದೀಪದ ಬೋರ್ಡೂ ಇದೆ. ಆದರೆ ತಕರಾರು ಬಂದರೆ ಆಟದ ನಿಯಮಕ್ಕೆ ಕಾಣುವುದು ಪೆನ್ಸಿಲಿನಲ್ಲಿ ಬರೆದ ನನ್ನ ಪುಸ್ತಕ ಮಾತ್ರ. ಆತಿಥೇಯರ ಪುಸ್ತಕ ಹೇಳಿದ್ದೇ ಸತ್ಯ. ಆ ಜಂಬ ನನಗಿತ್ತು, ಇರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ.

ಆ ಶನಿವಾರ ಮಧ್ಯಾಹ್ನ ಮಾರ್ಟೆನ್ಸ್ ಕಾಲೇಜಿನವರು ಬಂದಿದ್ದರು. ಅವರ ಪುಸ್ತಕ ಬರೆಯುವವರು ವರ್ಲಿನ್ ಡೈಕ್‌ಸ್ಟ್ರಾ, ಎಪ್ಪತ್ತೆಂಟು ವರ್ಷದ ಹಳೇ ಕ್ಷೌರಿಕರು. ಎರಡೂ ಕಡೆಯವರು ಪಕ್ಕಪಕ್ಕದಲ್ಲೇ ಕೂರಬೇಕು. ವರ್ಷಕ್ಕೊಂದು ಮಧ್ಯಾಹ್ನದಂತೆ ಹದಿನೈದು ವರ್ಷ ಅವರ ಮೊಣಕೈಗೆ ನನ್ನ ಮೊಣಕೈ ತಾಗಿದೆ. ಪ್ರತಿಸಲ ತಮ್ಮೂರಿನ ಬೇಕರಿಯಿಂದ ಬಾದಾಮಿ ಹೂರಣದ ಡಚ್ ಲೆಟರ್ ಎಂಬ ಸಿಹಿತಿಂಡಿಯೊಂದನ್ನು ನ್ಯಾಪ್‌ಕಿನ್ನಿನಲ್ಲಿ ಸುತ್ತಿ ತರುತ್ತಾರೆ.

"ತಗೋ, ತಿನ್ನು. ಪುಸ್ತಕಕ್ಕೆ ಎಣ್ಣೆ ಹತ್ತಿಸ್ಬೇಡ," ಎಂದರು.

"ಲಂಚನಾ?"

"ಒಂದು ತಿಂಡಿಗೆ ಬೀಳೋಳಾಗಿದ್ರೆ ಹದಿನೈದು ವರ್ಷದಲ್ಲಿ ನಾವು ಇಲ್ಲಿ ಒಂದಾದ್ರೂ ಗೆಲ್ತಿದ್ವಲ್ಲಮ್ಮ."

ನಗುತ್ತಲೇ ಕನ್ನಡಕ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು, "ಹೋದ ವಾರ ಒಂದು ಅಂಕ ತಪ್ಪು ಬರ್ದೆ, ಲವಾನ್. ಕೋಚು ಏನೂ ಅನ್ಲಿಲ್ಲ. ಅಂದಿದ್ರೇ ಚೆನ್ನಾಗಿತ್ತು. ನಾನೇ ಹೇಳ್ದೆ, ಇನ್ನೊಂದು ತಪ್ಪಾದ್ರೆ ಪುಸ್ತಕ ಯಾರಾದ್ರೂ ಹುಡುಗ್ರಿಗೆ ಕೊಟ್ಬಿಡು ಅಂತ."

"ಒಂದು ಅಂಕಕ್ಕೆ ಇಷ್ಟೊಂದಾ?"

"ಪುಸ್ತಕ ಇಲ್ದೋನಿಗೆ ಬಸ್ಸಲ್ಲಿ ಸೀಟಿಲ್ಲ."

ಅದರ ಅರ್ಥ ನನಗೆ ಗೊತ್ತಿತ್ತು. ಹೆಂಡತಿ ಹಿಲ್ಡಾ ತೀರಿಕೊಂಡ ಮೇಲೆ ಈ ಮನುಷ್ಯ ಚಳಿಗಾಲ ಕಳೆಯುವುದೇ ತಂಡದ ಬಸ್ಸಿನಲ್ಲಿ, ಡ್ರೈವರಿನ ಹಿಂದಿನ ಸೀಟಿನಲ್ಲಿ. ಹುಡುಗರು ಅವರನ್ನು ತಾತ ಎನ್ನುತ್ತಾರೆ, ತಮ್ಮ ಪಿಜ್ಜಾದಲ್ಲಿ ಪಾಲು ಕೊಡುತ್ತಾರೆ. ಉಳಿದ ದಿನ ಮನೆಯಲ್ಲಿ ಅವರಿಗೆ ಮಾತಾಡಲು ರೇಡಿಯೊ ಬಿಟ್ಟರೆ ಯಾರೂ ಇಲ್ಲ.

ಅವರನ್ನು ಸಮಾಧಾನ ಮಾಡಬೇಕಿತ್ತು. ಆದರೆ ಅವತ್ತು ನನ್ನ ಜೀವವೇ ಇನ್ನೊಂದು ಕಡೆ ಇತ್ತು. ನನ್ನ ಮಗ ಸೋರೆನ್ ಒಹಾಯೊದ ಒಂದು ಚಿಕ್ಕ ಕಾಲೇಜಿನಲ್ಲಿ ಆ ವರ್ಷ ಮೊದಲ ಬಾರಿಗೆ ಮುಖ್ಯ ಕೋಚ್ ಆಗಿದ್ದ. ಆಡಿದ ನಾಲ್ಕೂ ಆಟ ಸೋತಿದ್ದ. ಐದನೆಯದು ಅವತ್ತೇ, ನಮ್ಮ ಆಟಕ್ಕಿಂತ ಮುಕ್ಕಾಲು ಗಂಟೆ ಮೊದಲು ಶುರು. ಮೇಜಿನ ಮೇಲೆ ಫೋನ್ ಇಡುವಂತಿಲ್ಲ ಎಂಬ ನಿಯಮ ಮಾಡಿಸಿದವಳು ನಾನೇ. ಹಾಗಾಗಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ಮೊದಲರ್ಧವೆಲ್ಲ ಶಿಸ್ತಾಗಿಯೇ ನಡೆಯಿತು. ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಫೌಲ್ ಆದಾಗ ರೆಫರಿ ಮೇಜಿನ ಕಡೆ ತಿರುಗಿ ಬೆರಳುಗಳಲ್ಲಿ ಆಟಗಾರನ ನಂಬರ್ ತೋರಿಸುತ್ತಾನೆ. ಒಬ್ಬರು ಆ ನಂಬರನ್ನೂ ಅವನ ಎಷ್ಟನೇ ಫೌಲ್ ಎಂಬುದನ್ನೂ ಬಾಯಿಬಿಟ್ಟು ಹೇಳುತ್ತಾರೆ, ಇನ್ನೊಬ್ಬರು ತಮ್ಮ ಪುಸ್ತಕ ನೋಡಿ ಹ್ಞೂಂ ಎನ್ನುತ್ತಾರೆ. ಐದಾದರೆ ಆಟಗಾರ ಹೊರಗೆ. "ಹನ್ನೊಂದು, ಎರಡು." "ಹ್ಞೂಂ." ಹದಿನೈದು ವರ್ಷದಲ್ಲಿ ನಾನೂ ವರ್ಲಿನ್ನೂ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಇದೇ.

ನಮ್ಮ ಆಟದಲ್ಲಿ ಎಂಟು ನಿಮಿಷ ಬಾಕಿ ಇದ್ದಾಗ ತೊಡೆಯ ಮೇಲಿನ ಫೋನು ನಡುಗಿತು. ಬಗ್ಗಿ ನೋಡಿದೆ. ಸೋರೆನ್ನನ ತಂಡ 61, ಎದುರಾಳಿ 60, ಒಂಬತ್ತು ಸೆಕೆಂಡು ಬಾಕಿ. ಫೋನಿನ ಆ ಸುಡುಗಾಡು ಪುಟ ಅಲ್ಲೇ ನಿಂತುಬಿಟ್ಟಿತು. ಎಲ್ಲೋ ಸೀಟಿ ಕೇಳಿಸಿತು. ಪಕ್ಕದಿಂದ ವರ್ಲಿನ್ ಏನೋ ಅಂದರು, ನಾನು ಹ್ಞೂಂ ಅಂದೆ. ಪರದೆಯ ಮೇಲೆ ಬೆರಳೆಳೆದೆ. ಮತ್ತೆ ಎಳೆದೆ. ಆಟ ಮುಗಿದಿತ್ತು: 61–60. ನನ್ನ ಮಗ ಗೆದ್ದಿದ್ದ.

ತಲೆ ಎತ್ತುವಷ್ಟರಲ್ಲಿ ರೆಫರಿ ಬೆರಳು ತೋರಿಸಿ ಬೆನ್ನು ತಿರುಗಿಸಿ ಆಗಿತ್ತು. ನಮ್ಮ ಹದಿನಾಲ್ಕನೇ ನಂಬರಿನ ಹುಡುಗ ತಪ್ಪು ಮಾಡಿದವನ ಮುಖ ಮಾಡಿಕೊಂಡು ಅಲ್ಲಿ ನಿಂತಿದ್ದ. ಆ ಹುಡುಗನ ಮುಖ ಚರ್ಚಿನಲ್ಲೂ ಹಾಗೇ ಇರುತ್ತದೆ, ಅದು ನನಗೆ ಗೊತ್ತಿತ್ತು. ಆದರೂ ಅವನ ಹೆಸರಿನ ಮುಂದೆ ಫೌಲಿನ ಗೀಟು ಹಾಕಿದೆ. ಕಂಪ್ಯೂಟರಿನ ಹುಡುಗ "ಯಾರ್ದು, ಲವಾನ್ ಆಂಟಿ?" ಎಂದ. "ಹದಿನಾಲ್ಕು," ಎಂದೆ. ವರ್ಲಿನ್ ಆಗ ಬಗ್ಗಿ ಪೆನ್ಸಿಲ್ ಚೂಪು ಮಾಡುತ್ತಿದ್ದರು, ಗದ್ದಲದಲ್ಲಿ ಅದು ಅವರಿಗೆ ಕೇಳಿಸಲಿಲ್ಲ. ಅವರನ್ನು ಒಂದು ಮಾತು ಕೇಳಬಹುದಿತ್ತು. ಆತಿಥೇಯರ ಪುಸ್ತಕ ಬರೆಯುವವಳು ಬಂದವರನ್ನು ಕೇಳಿ ಬರೆಯುವುದೇ?

ಒಂದು ನಿಮಿಷ ಹತ್ತು ಸೆಕೆಂಡು ಬಾಕಿ, ನಾವು ಒಂದು ಅಂಕ ಹಿಂದೆ. ನಮ್ಮ ಮೂವತ್ತೆರಡನೇ ನಂಬರ್, ಕೋಲ್ಬಿ ರಾಶ್, ಎದುರಾಳಿಯ ಕೈಗೆ ಹೊಡೆದ. ಅವನಿಲ್ಲದೆ ನಮ್ಮ ತಂಡವಿಲ್ಲ. ರೆಫರಿ ಬೆರಳು ತೋರಿಸಿದ. ಈ ಸಲ ನಾನು ಮೈಯೆಲ್ಲಾ ಕಣ್ಣಾಗಿದ್ದೆ.

"ಮೂವತ್ತೆರಡು, ನಾಲ್ಕು," ಎಂದೆ.

"ಐದು," ಎಂದರು ವರ್ಲಿನ್.

ಇಬ್ಬರೂ ಒಬ್ಬರ ಪುಟ ಒಬ್ಬರು ನೋಡಿದೆವು. ಅವರ ಪುಟದಲ್ಲಿ ಕೋಲ್ಬಿಯ ಮುಂದೆ ಐದು ಗೀಟು. ನನ್ನದರಲ್ಲಿ ನಾಲ್ಕು, ಕೆಳಗೆ ಹದಿನಾಲ್ಕರ ಮುಂದೆ ಒಂದು. ಅವರಲ್ಲಿ ಆ ಜಾಗ ಖಾಲಿ. ನೋಡಿದ ತಕ್ಷಣ ನನಗೆ ಎಲ್ಲ ಗೊತ್ತಾಯಿತು. ನಾನು ಫೋನ್ ನೋಡುತ್ತಿದ್ದಾಗ ಅವರು ಹೇಳಿದ್ದು "ಮೂವತ್ತೆರಡು, ನಾಲ್ಕು" ಎಂದೇ. ನಾನು ಹ್ಞೂಂ ಎಂದದ್ದು ಅದಕ್ಕೇ.

ಆಟ ನಿಲ್ಲಿಸುವ ಹಾರ್ನ್ ಒತ್ತಿಸಿದೆ. ಹಿರಿಯ ರೆಫರಿ ಬಂದು ಮೇಜಿಗೆ ಕೈಯೂರಿ ಬಗ್ಗಿದ. ಹಿಂದೆ ಮಾರ್ಟೆನ್ಸ್ ಕೋಚು, ಅವನ ಹಿಂದೆ ನಮ್ಮ ಕೋಚು. ಎಂಟು ನಿಮಿಷವಿದ್ದಾಗಿನ ಆ ಫೌಲ್ ಕೊಟ್ಟ ರೆಫರಿಯನ್ನು ಕರೆದು ಕೇಳಿದರು. ಅವನು ತಲೆ ಕೆರೆದುಕೊಂಡು, "ಯಾರಿಗೆ ಕೊಟ್ಟೆ ಅಂತ ಆಣೆ ಮಾಡಿ ಹೇಳೋಕಾಗಲ್ಲ," ಎಂದ.

"ಮೇಡಂ, ನಿಮ್ಮ ಪುಸ್ತಕ ಸರಿಯಿದ್ಯಾ?" ಎಂದ ಹಿರಿಯ ರೆಫರಿ.

ನೋಡಲಿಲ್ಲ, ಫೋನ್ ನೋಡುತ್ತಿದ್ದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಇನ್ನೂರು ಜನ ಪಾಪ್‌ಕಾರ್ನ್ ಹಿಡಿದು ನನ್ನನ್ನೇ ನೋಡುತ್ತಿದ್ದರು, ಎಲ್ಲರೂ ನನ್ನ ಕೈಯಿಂದ ಅಂಚೆ ತೆಗೆದುಕೊಳ್ಳುವವರು. ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಗೆ ನಾನು ಕೊಟ್ಟದ್ದು ಒಂದೇ ಉತ್ತರ.

"ಸರಿಯಿದೆ," ಎಂದೆ.

ಮಾರ್ಟೆನ್ಸ್ ಕೋಚು ತನ್ನವರ ಕಡೆ ತಿರುಗಿದ. "ವರ್ಲಿನ್, ನಿಮಗೆ ಖಾತ್ರಿನಾ?"

ವರ್ಲಿನ್ ಪುಟ ನೋಡಿದರು, ನನ್ನ ಮುಖ ನೋಡಿದರು. ನಾನು ಪೆನ್ಸಿಲ್ ತುದಿ ನೋಡುತ್ತಿದ್ದೆ.

"ಖಾತ್ರಿ ಅಂದ್ಕೊಂಡಿದ್ದೆ," ಎಂದರು ನಿಧಾನವಾಗಿ. "ಲವಾನ್ ಸರಿಯಿದೆ ಅಂದ್ರೆ ನನ್ನದೇ ತಪ್ಪಿರ್ಬೇಕು."

ಆತಿಥೇಯರ ಪುಸ್ತಕದ ಮಾತೇ ನಡೆಯಿತು. ಕೋಲ್ಬಿ ಅಂಗಣದಲ್ಲೇ ಉಳಿದ. ನಾಲ್ಕು ಸೆಕೆಂಡು ಇರುವಾಗ ಎರಡು ಅಂಕದ ಬ್ಯಾಸ್ಕೆಟ್ ಹಾಕಿದವನೂ ಅವನೇ; ಒಂದು ಅಂಕದಿಂದ ಗೆದ್ದೆವು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೊರಳಾಡಿದರು. ಲೀಗಿನ ಲೆಕ್ಕಕ್ಕೂ ಬರದ ಆಟಕ್ಕೆ ನಾನು ಹೀಗೆ ಮಾಡಿಬಿಟ್ಟಿದ್ದೆ.

ಆಟ ಮುಗಿದ ಮೇಲೆ ಎರಡೂ ಪುಸ್ತಕ ಒಂದೇ ಮಾತು ಹೇಳುವ ಹಾಗೆ ಸಾಲು ಸಾಲಾಗಿ ಓದಿ ತಾಳೆ ನೋಡಬೇಕು. ವರ್ಲಿನ್ ಓದಿದರು, ನಾನು ಹ್ಞೂಂ ಅನ್ನುತ್ತಾ ಹೋದೆ. ಮೂವತ್ತೆರಡರ ಸಾಲು ಬಂದಾಗ ನಿಲ್ಲಿಸಿ ರಬ್ಬರ್ ತೆಗೆದರು. ತಮ್ಮ ಐದನೇ ಗೀಟನ್ನು ಉಜ್ಜಿ ಉಜ್ಜಿ ಅಳಿಸಿದರು. ಹದಿನಾಲ್ಕರ ಮುಂದೆ ಒಂದು ಗೀಟು ಎಳೆದರು. ಕಾಗದದ ಮೇಲಿನ ಪುಡಿಯನ್ನು ಅಂಗೈಯಿಂದ ಗುಡಿಸಿದರು.

"ರೆಫರಿ ಮೂವತ್ತೆರಡು ತೋರಿಸ್ದಂಗೇ ಕಾಣಿಸ್ತು ಕಣಮ್ಮ. ನಾನು ಹೇಳಿದ್ದು, ನೀನು ಹ್ಞೂಂ ಅಂದಿದ್ದು, ಎಲ್ಲಾ ಕೇಳಿಸ್ದಂಗೇ ಇತ್ತು," ಎಂದು ನಕ್ಕರು. "ಕಣ್ಣು ಹೋದ್ರೆ ಹೋಗ್ಲಿ, ಇಲ್ದೇ ಇರೋದೂ ಕೇಳಿಸೋಕೆ ಶುರುವಾದ್ರೆ ಮನೇಲಿರೋದೇ ವಾಸಿ."

ನನ್ನ ಭುಜ ತಟ್ಟಿ ಎದ್ದರು. "ನಿನ್ನ ಪಕ್ಕ ಕೂತಿದ್ದು ಸಂತೋಷ ಆಯ್ತು, ಲವಾನ್." ಬೆಂಚಿನ ಹತ್ತಿರ ನೀರಿನ ಬಾಟಲಿ ಆಯುತ್ತಿದ್ದ ವಿದ್ಯಾರ್ಥಿ ಮ್ಯಾನೇಜರಿನ ಕೈಗೆ ಪುಸ್ತಕ ಕೊಟ್ಟರು. ಮಾರ್ಟೆನ್ಸ್ ಕೋಚು ಅದನ್ನು ನೋಡಿದ. ಈ ಸಲವೂ ಏನೂ ಅನ್ನಲಿಲ್ಲ.

ನಾನು ಕೂತೇ ಇದ್ದೆ. ಅಷ್ಟರಲ್ಲಿ ಫೋನ್ ಬಂತು.

"ಅಮ್ಮ, ಗೆದ್ದೆ," ಎಂದ ಸೋರೆನ್. ಹಿಂದೆ ಹುಡುಗರ ಕೂಗಾಟ. "ಕೊನೇ ಒಂಬತ್ತು ಸೆಕೆಂಡು ನೋಡಿದ್ಯಾ?"

"ನೋಡಿದೆ ಕಣೋ."

"ನಿಮ್ಮ ಆಟ ನಡೀತಿರ್ಬೇಕಲ್ಲ ಆಗ?"

"ನಡೀತಿತ್ತು."

"ಬುಕ್ ಬರೀತಾ ನನ್ನ ಆಟ ನೋಡ್ತಿದ್ಯಾ?" ಅವನು ಜೋರಾಗಿ ನಕ್ಕ. "ನನ್ನ ಮೇಜಿನೋರು ಯಾರಾದ್ರೂ ಹಂಗೆ ಮಾಡಿದ್ರೆ ಕತ್ತು ಹಿಡಿದು ಆಚೆ ಹಾಕ್ತಿದ್ದೆ ನೋಡು."

"ಹಾಕ್ಬೇಕು," ಎಂದೆ. "ಆಮೇಲೆ ಮಾತಾಡ್ತೀನಿ."

ಕೋಟು ಹಾಕಿಕೊಳ್ಳಲಿಲ್ಲ. ಪಟ್ಟೆ ಅಂಗಿಯಲ್ಲೇ ಪಾರ್ಕಿಂಗಿಗೆ ಓಡಿದೆ. ಅರವತ್ತೊಂದರ ವಯಸ್ಸಿನ ಮಂಡಿಗೆ ಓಡುವುದೆಂದರೆ ಏನೆಂದು ಕೇಳಬೇಡಿ. ಜೋಳದ ಹೊಲಗಳ ಮೇಲಿಂದ ಗಾಳಿ ಕೊರೆಯುತ್ತಿತ್ತು. ಮಾರ್ಟೆನ್ಸ್‌ನವರ ಬಸ್ಸಿನ ಎಂಜಿನ್ ಶುರುವಾಗಿತ್ತು, ಬಾಗಿಲು ಇನ್ನೂ ಹಾಕಿರಲಿಲ್ಲ. ಕೋಚು ಮೆಟ್ಟಿಲ ಮೇಲೆ ನಿಂತು ಪಿಜ್ಜಾ ಡಬ್ಬಗಳನ್ನು ಹಿಂದಕ್ಕೆ ದಾಟಿಸುತ್ತಿದ್ದ. ಡ್ರೈವರಿನ ಹಿಂದೆ ವರ್ಲಿನ್ ಖಾಲಿ ಕೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ವರ್ಲಿನ್, ನಿಮ್ಮ ಪುಸ್ತಕ ಸರಿಯಿತ್ತು," ಎಂದೆ. ಕೆಳಮೆಟ್ಟಿಲು ಹತ್ತಿ ನಿಂತಿದ್ದೆ, ಮೇಲುಸಿರು ಬರುತ್ತಿತ್ತು. "ಮೂವತ್ತೆರಡೇ. ಐದೇ. ಆಗ ನಾನು ನೋಡ್ಲೇ ಇಲ್ಲ. ಫೋನಲ್ಲಿ ನನ್ನ ಮಗನ ಆಟ ನೋಡ್ತಿದ್ದೆ. ರೆಫರಿ ಕೇಳಿದಾಗ ಗೊತ್ತಿದ್ದೇ ಸುಳ್ಳು ಹೇಳ್ದೆ."

ಕೋಚಿನ ಕೈಯಲ್ಲಿ ಡಬ್ಬ ನಿಂತಿತು. "ಏನಂದ್ರಿ?" ಎಂದ ಅವನು. ಅವನ ಮುಖ ಕೆಂಪಾಯಿತು. ರೆಫರಿಗಳು ಹೊರಟುಹೋಗಿದ್ದರು, ಒಮ್ಮೆ ಅವರು ಅಂಗಣ ಬಿಟ್ಟರೆ ದೇವರೇ ಬಂದರೂ ಆಟದ ಫಲಿತಾಂಶ ಬದಲಾಗುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅದು ಗೊತ್ತಿದ್ದೇ ನನಗೆ ಈಗ ಧೈರ್ಯ ಬಂದಿರಬಹುದೇ ಎಂಬ ಯೋಚನೆ ಅಲ್ಲೇ ನಿಂತಿರುವಾಗಲೇ ಬಂತು, ನಾಚಿಕೆಯಾಯಿತು.

ವರ್ಲಿನ್ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಮೂವತ್ತೆರಡು, ನಾಲ್ಕು ಅಂದಾಗ ನೀನು ಹ್ಞೂಂ ಅಂದೆ ತಾನೆ?"

"ಅಂದೆ."

"ಹಾಗಾದ್ರೆ ಕಿವೀನೂ ಸರಿಯಿದೆ," ಎಂದರು. ನನಗಲ್ಲ, ತಮ್ಮ ಕೋಚಿಗೆ.

ಕೋಚು ಎರಡು ಹೆಜ್ಜೆ ಒಳಗೆ ಹೋಗಿ ಮ್ಯಾನೇಜರಿನ ಚೀಲದಿಂದ ಪುಸ್ತಕ ತೆಗೆದು ತಂದು ವರ್ಲಿನ್ನರ ತೊಡೆಯ ಮೇಲೆ ಇಟ್ಟ. ಅವರು ಅದರ ಮೇಲೆ ಎರಡೂ ಕೈ ಊರಿದರು. ಅವರು ನಗುತ್ತಾರೇನೋ, ಏನಾದರೂ ತಮಾಷೆ ಹೇಳುತ್ತಾರೇನೋ ಎಂದು ಕಾದೆ.

"ನೀನು ರೆಫರಿ ಮುಂದೆ ಸುಳ್ಳು ಹೇಳಿದ್ದಷ್ಟೇ ಆಗಿದ್ರೆ ತಡ್ಕೋತಿದ್ದೆನೇನೋ," ಎಂದರು. "ನಾನು ಅಳಿಸ್ತಿರೋವಾಗ ನೋಡ್ತಾ ಕೂತಿದ್ಯಲ್ಲಮ್ಮ."

ನಾನು ಬಾಗಿಲ ಕಂಬಿ ಹಿಡಿದು ಅಲ್ಲೇ ನಿಂತಿದ್ದೆ.

"ಕೆಳಗಿಳಿ, ಲವಾನ್. ಚಳಿ ಒಳಗೆ ಬರ್ತಿದೆ."

ಇಳಿದೆ. ಬಾಗಿಲು ಹಾಕಿಕೊಂಡಿತು, ಬಸ್ಸು ಹೆದ್ದಾರಿಯ ಕಡೆ ತಿರುಗಿತು. ಜಿಮ್ಮಿನೊಳಗೆ ನಮ್ಮವರು ಇನ್ನೂ ಕುಣಿಯುತ್ತಿದ್ದರು. ನಾನು ನಮ್ಮ ಕೋಚಿನ ಕೋಣೆಗೆ ಹೋಗಿ, ಬಾಗಿಲು ತಟ್ಟಿ, ನನ್ನ ಪುಸ್ತಕವನ್ನು ಅವನ ಮೇಜಿನ ಮೇಲಿಟ್ಟು, ಮೂವತ್ತೆರಡರ ಸಾಲಿನಿಂದ ಹೇಳಲು ಶುರುಮಾಡಿದೆ.